ಸಾಕು ಆಮೆಯ ಚಿಪ್ಪು: ಆರೋಗ್ಯಕರ ಬೆಳವಣಿಗೆಯನ್ನು ಗುರುತಿಸುವ ಬಗೆ

ನೆಲದ ಮೇಲೆ ಬದುಕುವ ಆಮೆಗಳ ಚಿಪ್ಪು ಮೂರು ಪದರಗಳಿಂದ ಕೂಡಿದ ಜೀವಂತ ಅಂಗವಾಗಿದ್ದು, ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಅಗಲಗೊಂಡು ಪರಸ್ಪರ ಬೆಸೆದುಕೊಂಡ ಮೂಳೆತಟ್ಟೆಗಳು ಅದರ ಅಡಿಪಾಯವಾಗಿವೆ. ಆ ಮೂಳೆಯ ಮೇಲೆ ನರಗಳೂ ರಕ್ತನಾಳಗಳೂ ಇರುವ ತೆಳುವಾದ ಚರ್ಮವಿರುತ್ತದೆ. ಎಲ್ಲಕ್ಕಿಂತ ಹೊರಗೆ, ದನದ ಕೊಂಬು ಮತ್ತು ಮನುಷ್ಯರ ಉಗುರುಗಳಲ್ಲಿ ಕಂಡುಬರುವ ಕೆರಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದ ಫಲಕಗಳು ಒಂದರ ಪಕ್ಕಕ್ಕೊಂದು ಕೂತಿರುತ್ತವೆ. ಮೇಲಿನ ಫಲಕಗಳ ಅಂಚುಗಳೂ ಕೆಳಗಿನ ಮೂಳೆತಟ್ಟೆಗಳ ಅಂಚುಗಳೂ ಒಂದೇ ಗೆರೆಯಲ್ಲಿ ಬಾರದಿರುವುದರಿಂದ ಇಡೀ ರಚನೆಗೆ ಹೆಚ್ಚಿನ ಬಲ ದೊರೆಯುತ್ತದೆ. ಚಿಪ್ಪಿಗೆ ನೋವು ತಿಳಿಯುವುದಿಲ್ಲವೆಂದು ನಂಬಿ ಅದರ ಅಂಚಿಗೆ ರಂಧ್ರ ಕೊರೆದು ದಾರ ಕಟ್ಟುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿರುವುದಕ್ಕೆ ಈ ರಚನೆಯ ಅರಿವಿಲ್ಲದಿರುವುದೇ ಕಾರಣವಾಗಿದೆ.

ಚಿಪ್ಪನ್ನು ಪರೀಕ್ಷಿಸುವ ಮೊದಲು ಮನೆಯಲ್ಲಿರುವ ಆಮೆ ಯಾವ ಜಾತಿಯದು ಎಂಬುದು ಖಚಿತವಾಗಬೇಕು. ಬೆಂಗಳೂರಿನ ಉತ್ತರ ಭಾಗದಲ್ಲಿ, ಅದರಲ್ಲೂ ಯಲಹಂಕ ಉಪನಗರಕ್ಕೆ ಅಂಟಿಕೊಂಡಿರುವ ಅಟ್ಟೂರಿನಂಥ ಬಡಾವಣೆಗಳಲ್ಲಿ, ಇದು ಕಾನೂನಿನ ಪ್ರಶ್ನೆಯೂ ಹೌದು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಆಂಧ್ರಪ್ರದೇಶದ ಗಡಿಯ ಒಣ ಕುರುಚಲು ಕಾಡುಗಳು ನಕ್ಷತ್ರ ಆಮೆಯ ಸಹಜ ನೆಲೆಗಳಾಗಿವೆ. ಕಪ್ಪು ಫಲಕಗಳ ಮೇಲೆ ನಡುವಿನಿಂದ ಹೊರಟ ಹಳದಿ ಕಿರಣಗಳ ಚೆಲುವಿಗಾಗಿಯೂ, ಮನೆಗೆ ಅದೃಷ್ಟ ತರುತ್ತದೆಂಬ ನಂಬಿಕೆಗಾಗಿಯೂ ಈ ಆಮೆಯನ್ನು ಹಿಡಿದು ಮಾರುವ ಜಾಲ ಬಹುಕಾಲದಿಂದ ನಡೆದುಬಂದಿದ್ದು, ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಂದ ಇವನ್ನು ವಶಪಡಿಸಿಕೊಂಡ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗಿವೆ. ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದ ಮೂಲಕ ಬೆಂಗಳೂರಿಗೆ ಮರಳಿ ತಂದು ಅರಣ್ಯ ಇಲಾಖೆಗೆ ಒಪ್ಪಿಸಿದ್ದೂ ಇದೇ ಕಥೆಯ ಇನ್ನೊಂದು ತುದಿಯಾಗಿದೆ. 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧಕ್ಕೆ ಈ ಆಮೆ ಸೇರಿತು. 2022ರಲ್ಲಿ ತಿದ್ದುಪಡಿಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇದನ್ನು ಹುಲಿ, ಆನೆಗಳಿರುವ ಮೊದಲ ಅನುಸೂಚಿಯಲ್ಲೇ ಇರಿಸಿದೆ. ಆದ್ದರಿಂದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಮೂರರಿಂದ ಏಳು ವರ್ಷಗಳವರೆಗಿನ ಸೆರೆವಾಸಕ್ಕೆ ದಾರಿಯಾಗಬಲ್ಲ ಅಪರಾಧವಾಗಿದ್ದು, ಅಂಥ ಪ್ರಾಣಿ ಕೈಸೇರಿದ್ದರೆ ಅದರ ಚಿಪ್ಪಿನ ಗುಣದೋಷಗಳನ್ನು ಅರಣ್ಯ ಇಲಾಖೆಯ ವೈದ್ಯರೇ ನೋಡಬೇಕಾಗುತ್ತದೆ. ಅದೃಷ್ಟಕ್ಕೆಂದು ಆಮೆ ಬೇಕೇ ಬೇಕೆನ್ನುವವರಿಗೆ ಹಿತ್ತಾಳೆಯದು ಸಾಕು.

ಹಾಗಾಗಿ ಇಲ್ಲಿ ಹೇಳುವ ವಿಚಾರಗಳು ಮುಖ್ಯವಾಗಿ ಸಲ್ಕಾಟಾ ಎಂದು ಕರೆಯಲಾಗುವ ಆಫ್ರಿಕಾದ ಮುಳ್ಳುತೊಡೆಯ ಆಮೆ ಮತ್ತು ದಕ್ಷಿಣ ಅಮೆರಿಕದ ಕೆಂಗಾಲಿನ ಆಮೆಯಂಥ ಹೊರದೇಶದ ನೆಲದ ಆಮೆಗಳಿಗೆ ಸಂಬಂಧಿಸಿವೆ. ಇವೂ ಸೈಟಿಸ್ ಪಟ್ಟಿಯಲ್ಲಿರುವುದರಿಂದ, 2024ರ ಫೆಬ್ರವರಿಯಲ್ಲಿ ಹೊರಬಂದ ಜೀವಂತ ಪ್ರಾಣಿಗಳ ವರದಿ ಮತ್ತು ನೋಂದಣಿ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ಇವುಗಳ ನೋಂದಣಿ ಆಗಿರಬೇಕು. ಜೊತೆಗೆ ಸಲ್ಕಾಟಾ ಬೆಳೆದ ಮೇಲೆ ಎರಡು ಅಡಿಗೂ ಮೀರಿದ ಉದ್ದ, 40 ಕಿಲೋಗೂ ಹೆಚ್ಚಿನ ತೂಕ ಪಡೆಯುತ್ತದೆ, ನೆಲ ಅಗೆಯುತ್ತದೆ, ಸಾಕಿದವರ ಮಕ್ಕಳ ಕಾಲಕ್ಕೂ ಬದುಕಿರುತ್ತದೆ. ಅಂಗೈಯಗಲದ ಮರಿಯನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಗೆಂದು ಮಾರುವವರು ಈ ಮಾತನ್ನು ಹೇಳುವುದು ವಿರಳ.

ಬೆಳವಣಿಗೆ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿದರೆ ಎಲ್ಲಿ ನೋಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಯ ಪ್ರತಿಯೊಂದು ಫಲಕವೂ ನವಿರಾದ ಕಾಳುಗಳಂಥ ಮೈ ಹೊಂದಿದ್ದು, ಆ ಮೂಲ ತುಣುಕು ಪ್ರಾಣಿ ದೊಡ್ಡದಾದ ಮೇಲೂ ಫಲಕದ ನಡುವೆ ಉಳಿದಿರುತ್ತದೆ. ಹೊಸ ಕೆರಟಿನ್ ಅದರ ಸುತ್ತ, ಅಂದರೆ ಎರಡು ಫಲಕಗಳು ಕೂಡುವ ಸಂಧಿಗೆರೆಯಲ್ಲಿ, ಬಳೆಬಳೆಯಾಗಿ ಸೇರುತ್ತ ಹೋಗುತ್ತದೆ. ಈ ಬಳೆಗಳನ್ನು ಎಣಿಸಿ ಆಮೆಯ ವಯಸ್ಸು ಹೇಳುವ ರೂಢಿ ಇದೆಯಾದರೂ, ಆಹಾರ, ಬಿಸಿಲು, ತೇವಗಳು ಬದಲಾದಂತೆ ಒಂದೇ ವರ್ಷದಲ್ಲಿ ಹಲವು ಬಳೆಗಳು ಮೂಡಬಹುದಾದ್ದರಿಂದಲೂ, ಹಳೆಯವು ಸವೆದು ಮಾಸುವುದರಿಂದಲೂ, ಮನೆಯಲ್ಲಿ ಸಾಕಿದ ಆಮೆಗಳಲ್ಲಿ ಆ ಲೆಕ್ಕ ನಂಬಲರ್ಹವಲ್ಲ. ನಡುವಿನ ಭಾಗ ಎಂದೋ ಮುಗಿದುಹೋದ ದಿನಗಳ ಸ್ಥಿತಿಯನ್ನು ತೋರಿಸುತ್ತದೆ. ಈಗಿನ ಪಾಲನೆ ಹೇಗಿದೆಯೆಂಬುದನ್ನು ಸಂಧಿಗೆರೆಯ ಪಕ್ಕದ ಒಂದೆರಡು ಮಿಲಿಮೀಟರುಗಳು ಮಾತ್ರ ತೋರಿಸಬಲ್ಲವು. ಚಿಪ್ಪಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆಗುವ ದೊಡ್ಡ ತಪ್ಪೆಂದರೆ, ಈ ಹೊಸ ಅಂಚನ್ನು ಬಿಟ್ಟು ಒಟ್ಟು ಗಾತ್ರವನ್ನೋ ಹಳೆಯ ಉಬ್ಬುಗಳನ್ನೋ ನೋಡಿ ತೀರ್ಮಾನಕ್ಕೆ ಬರುವುದು.

ಬೆಳೆಯುತ್ತಿರುವ ಆರೋಗ್ಯವಂತ ಮರಿಯಲ್ಲಿ ಫಲಕಗಳ ನಡುವೆ ತಿಳಿಬಣ್ಣದ, ಕೂದಲೆಳೆಯಿಂದ ಹಿಡಿದು ತೆಳುವಾದ ದಾರದಷ್ಟು ಅಗಲದ ಗೆರೆಗಳು ಕಾಣುತ್ತವೆ. ಅವು ಎಲ್ಲ ಫಲಕಗಳ ಸುತ್ತಲೂ ಹೆಚ್ಚುಕಡಿಮೆ ಒಂದೇ ಅಗಲವಾಗಿರಬೇಕು, ಹಳೆಯ ಕೆರಟಿನ್‌ನೊಂದಿಗೆ ಒಂದೇ ಮಟ್ಟದಲ್ಲಿ ಮುಂದುವರಿಯಬೇಕು, ಬೆರಳು ಸವರಿದರೆ ಕಂದಕದಂತೆ ಕೆಳಗಿಳಿಯಬಾರದು. ಒಮ್ಮೆಲೇ ಅಗಲವಾದ ಬಿಳಿಯ ಪಟ್ಟಿಗಳು ಮೂಡಿದ್ದರೆ ಬೆಳವಣಿಗೆ ಅತಿವೇಗದಲ್ಲಿ ನಡೆದಿದೆಯೆಂದು ತಿಳಿಯಬೇಕು. ತಿಂಗಳುಗಟ್ಟಲೆ ಗೆರೆಯೇ ಕಾಣದಿದ್ದರೆ ಮರಿಯ ಬೆಳವಣಿಗೆ ನಿಂತಿದೆಯೆಂದರ್ಥವಾದರೂ, ಪೂರ್ಣವಾಗಿ ಬೆಳೆದ ಆಮೆಯಲ್ಲಿ ಅದೇ ಸ್ಥಿತಿ ಸಹಜವಾಗಿದೆ. ಬೆನ್ನುಚಿಪ್ಪಿನ ದೊಡ್ಡ ಫಲಕಗಳು ಸಾಮಾನ್ಯವಾಗಿ 13. ನಡುವೆ ಸಾಲಾಗಿ ಐದು, ಎರಡೂ ಬದಿಗೆ ನಾಲ್ಕು ನಾಲ್ಕು. ಒಂದೆರಡು ಹೆಚ್ಚಾಗಿದ್ದರೆ ಅಥವಾ ಒಂದು ಫಲಕ ಸೀಳಿದಂತಿದ್ದರೆ ಅದು ಮೊಟ್ಟೆಯೊಳಗಿನ ಬೆಳವಣಿಗೆಯಲ್ಲಾದ ವ್ಯತ್ಯಾಸವೇ ಹೊರತು ರೋಗವಲ್ಲ. ಸಲ್ಕಾಟಾ ಮತ್ತು ನಕ್ಷತ್ರ ಆಮೆಗಳಲ್ಲಿ ಕತ್ತಿನ ಮೇಲ್ಭಾಗದ ಚಿಕ್ಕ ಫಲಕ ಹುಟ್ಟಿನಿಂದಲೇ ಇರುವುದಿಲ್ಲವಾದ್ದರಿಂದ, ಅಲ್ಲಿ ಏನೋ ಉದುರಿಹೋಗಿದೆಯೆಂದು ಗಾಬರಿಯಾಗಬೇಕಿಲ್ಲ.

ಇನ್ನು ಫಲಕಗಳು ನಡುವೆ ಎತ್ತರಿಸಿ, ಸಂಧಿಗಳಲ್ಲಿ ತಗ್ಗಿ, ಚಿಪ್ಪಿನ ಮೇಲೆ ಚಿಕ್ಕ ಚಿಕ್ಕ ಗೋಪುರಗಳನ್ನು ಇಟ್ಟಂತೆ ಕಾಣುವ ದೋಷವನ್ನು ಸಾಕಣೆಗಾರರು ಪಿರಮಿಡಿಂಗ್ ಎನ್ನುತ್ತಾರೆ. ಬಹುಕಾಲ ಇದಕ್ಕೆ ಪ್ರೋಟೀನು ಹೆಚ್ಚಾದ ಆಹಾರವೇ ಕಾರಣವೆಂದು ಹೇಳಲಾಗುತ್ತಿತ್ತು. ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು 50 ಸಲ್ಕಾಟಾ ಮರಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ, ಬೇರೆ ಬೇರೆ ಪ್ರಮಾಣದ ಪ್ರೋಟೀನು ಮತ್ತು ಗಾಳಿಯ ತೇವಾಂಶಗಳಲ್ಲಿ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಈ ತಿಳಿವಳಿಕೆಯನ್ನು ಬಹುಮಟ್ಟಿಗೆ ಬದಲಿಸಿತು. ತೇವಾಂಶ ಸುಮಾರು ಶೇ 24ರಿಂದ 58ರ ನಡುವೆ ಇದ್ದ ಒಣ ವಾತಾವರಣದಲ್ಲಿ ಬೆಳೆದ ಮರಿಗಳ ಉಬ್ಬುಗಳು, ಶೇ 45ರಿಂದ 99ರವರೆಗೆ ತೇವವಿದ್ದಲ್ಲಿ ಬೆಳೆದವುಗಳಿಗಿಂತ ಎತ್ತರವಾಗಿದ್ದವು. ಪ್ರೋಟೀನಿನ ಪ್ರಭಾವವಾದರೋ ಅಲ್ಪವಾಗಿತ್ತು. ಒಣಗಿ ಬಿಗಿದ ಕೆರಟಿನ್ ಅಂಚು ಹೊಸ ಪದರವನ್ನು ಅಡ್ಡಲಾಗಿ ಹರಡಲು ಬಿಡದೆ ಕೆಳಮುಖವಾಗಿ ತಳ್ಳುತ್ತದೆ ಎಂಬುದು ಇದಕ್ಕೆ ಸಾಕಣೆಗಾರರಲ್ಲಿ ಪ್ರಚಲಿತವಾಗಿರುವ ವಿವರಣೆಯಾಗಿದೆ.

ಈ ಅಂಕಿಗಳನ್ನು ಅಟ್ಟೂರಿನ ಹವೆಯ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರು ತಂಪಾದ ಊರೆಂಬ ಹೆಸರಿದ್ದರೂ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮಧ್ಯಾಹ್ನಗಳಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ನುಣುಪಾಗಿ ಬೆಳೆಯುತ್ತಿದ್ದ ಮರಿ ಶಿವರಾತ್ರಿ ಕಳೆದ ಮೇಲೆ, ಯಾರ ಗಮನಕ್ಕೂ ಬಾರದಂತೆ, ಆ ಪ್ರಯೋಗದ ಒಣ ಗುಂಪಿಗೆ ಸೇರಿಬಿಡುತ್ತದೆ. ಮಣ್ಣಿನ ಹಿತ್ತಲಿರುವ ಹಳೆಯ ಮನೆಗಳಲ್ಲಿ ಮರಿ ಹುಲ್ಲಿನ ಬುಡಕ್ಕೋ ಬಾಳೆಯ ಬುಡದ ತೇವಕ್ಕೋ ಸೇರಿಕೊಂಡು ತನ್ನನ್ನು ಉಳಿಸಿಕೊಳ್ಳಬಲ್ಲದು. ಟೈಲ್ಸ್ ಹಾಸಿದ ಬಾಲ್ಕನಿಯಲ್ಲಿ ಅಂಥ ಆಸರೆ ಇಲ್ಲ. ಆದುದರಿಂದ ಅಲ್ಲಿ ಮರಿಗೆ ಒಂದು ತೇವದ ಗೂಡು ಬೇಕು: ಮುಚ್ಚಿದ, ಒಂದೇ ಬಾಗಿಲಿನ ಪೆಟ್ಟಿಗೆಯೊಳಗೆ ನರ್ಸರಿಗಳಲ್ಲಿ ಸಿಗುವ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ, ತಳಭಾಗ ತೇವವಾಗಿ ಮೇಲ್ಭಾಗ ಸ್ವಲ್ಪ ಆರಿದಂತಿರುವ ಹಾಗೆ ನೀರುಣಿಸುತ್ತಿರಬೇಕು. ಇದರೊಂದಿಗೆ ಗದ್ದದವರೆಗೆ ಬರುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಮರಿಯನ್ನು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಕೂರಿಸುವುದರಿಂದ ಅದು ನೀರು ಕುಡಿಯುವುದಲ್ಲದೆ ಮಲಮೂತ್ರಗಳನ್ನೂ ವಿಸರ್ಜಿಸುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ತೇವ ಬೆಚ್ಚಗಿರಬೇಕು, ಡಿಸೆಂಬರ್, ಜನವರಿಗಳ ರಾತ್ರಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಸುತ್ತ ಸುಳಿಯುವಾಗ ಒದ್ದೆ ಗೂಡಿನಲ್ಲಿ ಹೊರಗಿಟ್ಟ ಮರಿಗೆ ಶ್ವಾಸಕೋಶದ ಸೋಂಕು ತಗಲುವುದು ಸುಲಭವಾದ್ದರಿಂದ, ಸಂಜೆಯಾಗುತ್ತಲೇ ಅದನ್ನು ಒಳಗೆ ತಂದು ಬೆಚ್ಚಗಿಡಬೇಕು.

ಒಮ್ಮೆ ಎದ್ದ ಉಬ್ಬು ಮತ್ತೆ ತಗ್ಗುವುದಿಲ್ಲ. ಪಾಲನೆ ಸುಧಾರಿಸಿದ ಮೇಲೆ ಸಂಧಿಯ ಪಕ್ಕದ ಹೊಸ ಭಾಗ ಸಮತಟ್ಟಾಗಿ ಬೆಳೆಯುತ್ತ ವರ್ಷಗಳ ನಂತರ ಹಳೆಯ ಗೋಪುರಗಳು ಅಷ್ಟಾಗಿ ಎದ್ದು ಕಾಣದಂತಾಗಬಹುದು, ಅಷ್ಟೆ. ನಕ್ಷತ್ರ ಆಮೆಗಳ ವಿಷಯದಲ್ಲಿ ಇನ್ನೊಂದು ತೊಡಕಿದ್ದು, ಕಾಡಿನಲ್ಲೇ ಬೆಳೆದವುಗಳಲ್ಲಿಯೂ ಫಲಕಗಳು ಒಂದಿಷ್ಟು ಶಂಕುವಿನಂತೆ ಎದ್ದಿರುವುದು ಸಹಜವಾಗಿರುವುದರಿಂದ, ವಶಪಡಿಸಿಕೊಂಡ ಆಮೆಯ ಉಬ್ಬನ್ನಷ್ಟೇ ನೋಡಿ ಅದು ಮನೆಯಲ್ಲಿ ಸಾಕಿದ್ದೋ ಕಾಡಿನಿಂದ ತಂದದ್ದೋ ಎಂದು ಹೇಳಲಾಗದು. ಗಟ್ಟಿಯಾದ ಚಿಪ್ಪಿನ ಮೇಲೆ ಅಲ್ಪಸ್ವಲ್ಪ ಉಬ್ಬುಗಳಿದ್ದು, ಆಮೆ ಮೈಯನ್ನು ನೆಲದಿಂದ ಎತ್ತಿ ಚುರುಕಾಗಿ ನಡೆಯುತ್ತಿದ್ದರೆ ಅದು ಬಹುಪಾಲು ರೂಪದ ದೋಷ ಮಾತ್ರ.

ನಿಜವಾಗಿ ಭಯಪಡಬೇಕಾದುದು ಮೆತ್ತಗಿನ ಚಿಪ್ಪಿಗೆ. ದೇಹಕ್ಕೆ ಕ್ಯಾಲ್ಸಿಯಂ ಅಥವಾ ಡಿ3 ಜೀವಸತ್ವ ಸಾಲದಾದಾಗ ಅದು ಮೂಳೆಯಲ್ಲಿ ಕೂಡಿಟ್ಟ ಕ್ಯಾಲ್ಸಿಯಮನ್ನೇ ಕರಗಿಸಿ ಬಳಸಿಕೊಳ್ಳತೊಡಗುತ್ತದೆ. ಹೀಗೆ ಮೂಳೆ ಟೊಳ್ಳಾಗುವ ಸ್ಥಿತಿಯನ್ನು ಚಯಾಪಚಯ ಮೂಳೆರೋಗ ಎನ್ನುತ್ತಾರೆ. ಹೊಸದಾಗಿ ಹುಟ್ಟಿದ ಮರಿಯ ಅಡಿಚಿಪ್ಪು ಮೃದುವಾಗಿ ಬಾಗುವುದು ಸಹಜವಾಗಿದ್ದು, ಮೊದಲ ವರ್ಷ ಕಳೆಯುತ್ತ ಬಂದಂತೆ ಅದು ಗಟ್ಟಿಯಾಗಬೇಕು. ಅನಂತರವೂ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದಾಗ ಚಿಪ್ಪು ತಗ್ಗಿದರೆ, ಅಥವಾ ಹಿಂದೆ ಗಟ್ಟಿಯಾಗಿದ್ದದ್ದು ಈಗ ಬಾಗತೊಡಗಿದರೆ, ವೈದ್ಯರ ಬಳಿಗೆ ಹೋಗಲು ತಡಮಾಡಬಾರದು. ಅಂಚಿನ ಫಲಕಗಳು ಹೊರಕ್ಕೆ ಮೇಲ್ಮುಖವಾಗಿ ಮಡಚಿಕೊಂಡಿರುವುದು, ಬೆನ್ನಿನ ಹಿಂಭಾಗ ಕುದುರೆಯ ಜೀನಿನಂತೆ ಕುಸಿದಿರುವುದು, ಹಿಂಗಾಲುಗಳನ್ನು ಎಳೆದುಕೊಂಡು ತೆವಳುವುದು, ಕೊಕ್ಕಿನಂಥ ಬಾಯಿಯ ಅಂಚು ವಕ್ರವಾಗಿ ಬೆಳೆಯುವುದು ಇದೇ ರೋಗದ ಇತರ ಗುರುತುಗಳು. ಈ ಸ್ಥಿತಿಯಲ್ಲಿ ಔಷಧದ ಅಂಗಡಿಯಿಂದ ಡಿ3 ಹನಿಗಳನ್ನು ತಂದು ಅಂದಾಜಿನ ಮೇಲೆ ಕುಡಿಸುವುದು ಅಪಾಯಕರ, ಏಕೆಂದರೆ ಆ ಜೀವಸತ್ವ ಮಿತಿಮೀರಿದರೆ ಕ್ಯಾಲ್ಸಿಯಂ ಮೂಳೆಗೆ ಬದಲಾಗಿ ಮೆದು ಅಂಗಾಂಶಗಳಲ್ಲಿ ಸೇರಿಕೊಳ್ಳುತ್ತದೆ.

ಬೇಕಾದ ಡಿ3ಯನ್ನು ಆಮೆ ತನ್ನ ಚರ್ಮದ ಮೇಲೆ ಬೀಳುವ ಬಿಸಿಲಿನ ಯುವಿಬಿ ಕಿರಣಗಳಿಂದ, ಅಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕಿನಿಂದ, ತಾನೇ ತಯಾರಿಸಿಕೊಳ್ಳುತ್ತದೆ. ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಪ್ರದೇಶದಲ್ಲಿ ಮೋಡವಿಲ್ಲದ ದಿನಗಳಲ್ಲಿ ಅದಕ್ಕೆ ಬರವಿಲ್ಲ. ಯೂರೋಪಿನ ಸಾಕಣೆಗಾರರು ದುಬಾರಿ ದೀಪಗಳಿಂದ ಪಡೆಯುವುದನ್ನು ಇಲ್ಲಿನವರು ಬೆಳಗಿನ ಬಿಸಿಲಿನಿಂದಲೇ ಪಡೆಯಬಹುದು. ಆದರೆ ಕಿಟಕಿಯ ಗಾಜು ಈ ಕಿರಣಗಳನ್ನು ಬಹುಪಾಲು ತಡೆಯುವುದರಿಂದ, ಗಾಜಿನ ಹಿಂದೆ ಬೆಚ್ಚಗೆ ಬಿಸಿಲು ಕಾಯಿಸುವ ಆಮೆಗೆ ಶಾಖ ಸಿಗುತ್ತದೆಯೇ ವಿನಾ ಡಿ3 ಸಿಗುವುದಿಲ್ಲ. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಡುವುದು ಇನ್ನೂ ಕೆಟ್ಟದ್ದು. ಕೆಲವೇ ನಿಮಿಷಗಳಲ್ಲಿ ಒಳಗಿನ ಗಾಳಿ ಕಾದು ಮರಿ ಸಾಯಬಹುದು. ಉತ್ತರಕ್ಕೆ ಮುಖಮಾಡಿದ ಬಾಲ್ಕನಿಯವರಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ತಿಂಗಳುಗಳಿಗೂ ಯುವಿಬಿ ದೀಪ ಬೇಕಾಗಬಹುದಾಗಿದ್ದು, ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಕಾಲಕ್ರಮೇಣ ಕುಗ್ಗುವುದರಿಂದ ತಯಾರಕರು ಹೇಳಿದ ಅವಧಿಗೆ ಅದನ್ನು ಬದಲಿಸಬೇಕು.

ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಸರಿಸುಮಾರು ಎರಡು ಪಟ್ಟು ಇರಬೇಕೆಂಬುದು ಸಾಮಾನ್ಯ ಸೂತ್ರ. ಗರಿಕೆ ಮತ್ತಿತರ ಹುಲ್ಲು ಸಲ್ಕಾಟಾದ ಮುಖ್ಯ ಆಹಾರವಾಗಿದ್ದು, ಅದರೊಂದಿಗೆ ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಸುಕಳ್ಳಿಯ ತುಂಡುಗಳನ್ನು ಕೊಡಬಹುದು. ರೇಷ್ಮೆ ಬೆಳೆಯುವ ಶಿಡ್ಲಘಟ್ಟ, ವಿಜಯಪುರಗಳು ಹತ್ತಿರವಿರುವುದರಿಂದ ಹಿಪ್ಪುನೇರಳೆ ಸೊಪ್ಪು ಸಿಕ್ಕರೆ ಅದೂ ಉತ್ತಮ, ಆದರೆ ಔಷಧ ಸಿಂಪಡಿಸಿದ ತೋಟದ್ದಾಗಿರಬಾರದು. ಪಾಲಕ್ ಮತ್ತು ದಂಟಿನ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವನ್ನು ದಿನವೂ ಹಾಕಬಾರದು. ಸೌತೆಕಾಯಿ ಮತ್ತು ಟೊಮೆಟೊ ಹೊಟ್ಟೆ ತುಂಬಿಸುತ್ತವೆ, ಚಿಪ್ಪು ಕಟ್ಟುವುದಿಲ್ಲ. ಅನ್ನ, ಚಪಾತಿ, ಬ್ರೆಡ್, ನಾಯಿಯ ಆಹಾರ ಸಲ್ಲವೇ ಸಲ್ಲ. ಕಡಲನೊರೆ ಎಂದು ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಬಿಳಿಯ ತುಂಡು ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಒಳಚಿಪ್ಪಾಗಿದ್ದು, ಅದನ್ನು ಗೂಡಿನಲ್ಲಿಟ್ಟರೆ ಆಮೆ ತನಗೆ ಬೇಕಾದಾಗ ಕಚ್ಚಿಕೊಳ್ಳುತ್ತದೆ. ಚಿಪ್ಪಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹೊಳೆಯಿಸುವುದರಿಂದ ಫೋಟೊ ಚೆನ್ನಾಗಿ ಬರಬಹುದು. ಬೆಳವಣಿಗೆಗೆ ಅದರಿಂದ ಯಾವ ಲಾಭವೂ ಇಲ್ಲ, ಧೂಳು ಮಾತ್ರ ಅಂಟುತ್ತದೆ.

ಕಣ್ಣಳತೆ ಮೋಸಮಾಡುವುದರಿಂದ ಬೆಳವಣಿಗೆಯನ್ನು ಬರೆದಿಡುವುದು ಒಳ್ಳೆಯದು. ಉದ್ದವನ್ನು ಬೆನ್ನಿನ ಗುಮ್ಮಟದ ಮೇಲೆ ಟೇಪು ಹಾಯಿಸಿ ಅಳೆಯದೆ, ಆಮೆಯ ಮುಂದೊಂದು ಹಿಂದೊಂದು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ನಡುವಿನ ನೇರ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆಯಬೇಕು. ಮರಿಯಾದರೆ ವಾರಕ್ಕೊಮ್ಮೆ, ದೊಡ್ಡದಾದರೆ ತಿಂಗಳಿಗೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ನೀರಿನಲ್ಲಿ ಕೂರಿಸುವುದಕ್ಕೆ ಮೊದಲು, ಒಂದೇ ಹೊತ್ತಿನಲ್ಲಿ ತೂಗಬೇಕು. ಆಮೆಯ ಮೂತ್ರಕೋಶದಲ್ಲಿ ಸಾಕಷ್ಟು ನೀರು ಸಂಗ್ರಹವಾಗುವುದರಿಂದ ಒಂದು ವಾರದ ಏರಿಳಿತಕ್ಕಿಂತ ಮೂರು ನಾಲ್ಕು ತಿಂಗಳ ಇಳಿಜಾರು ಅಥವಾ ಏರುಗತಿಯೇ ಮುಖ್ಯವಾಗುತ್ತದೆ. ತೂಕಕ್ಕೂ ಉದ್ದಕ್ಕೂ ಇರುವ ಸಂಬಂಧದಿಂದ ಆರೋಗ್ಯ ಹೇಳುವ ಜಾಕ್ಸನ್ ಅನುಪಾತ ಎಂಬ ಕೋಷ್ಟಕ ಅಲ್ಲಲ್ಲಿ ಕಾಣಸಿಗುತ್ತದೆಯಾದರೂ, ಅದು ಮೆಡಿಟರೇನಿಯನ್ ಪ್ರದೇಶದ ಎರಡು ಜಾತಿಯ ಆಮೆಗಳಿಗಾಗಿ ರೂಪಿಸಿದ್ದು. ಸಲ್ಕಾಟಾದ ಮೈಕಟ್ಟು ಬೇರೆಯಾದ್ದರಿಂದ ಅದನ್ನು ಇಲ್ಲಿ ಅನ್ವಯಿಸಬಾರದು. ತೂಕವೇರುವ ವೇಗದ ಬಗ್ಗೆಯೂ ಹೆಮ್ಮೆಪಡಬೇಕಿಲ್ಲ. ತಿಂಗಳಿಗೊಮ್ಮೆ ಮೇಲಿನಿಂದಲೂ ಪಕ್ಕದಿಂದಲೂ, ಪಕ್ಕದಲ್ಲಿ ಅಡಿಪಟ್ಟಿಯನ್ನಿಟ್ಟು, ಒಂದೇ ಕೋನದಲ್ಲಿ ತೆಗೆದ ಚಿತ್ರಗಳು ಹೊಸ ಅಂಚು ಸಮವಾಗಿ ಹರಡುತ್ತಿದೆಯೋ ಕೆಳಗಿಳಿಯುತ್ತಿದೆಯೋ ಎಂಬುದನ್ನು ಅಂಕಿಗಳಿಗಿಂತ ಚೆನ್ನಾಗಿ ತೋರಿಸುತ್ತವೆ.

ಅಡಿಚಿಪ್ಪನ್ನು ತಿರುಗಿಸಿ ನೋಡುವ ಅಭ್ಯಾಸ ಕಡಮೆಯಾಗಿರುವುದರಿಂದ ಅಲ್ಲಿನ ಸೋಂಕು ತಡವಾಗಿ ಕಣ್ಣಿಗೆ ಬೀಳುತ್ತದೆ. ಕೊಳಕು ತೇವದಲ್ಲಿ ಬಿಟ್ಟ ಆಮೆಯ ಫಲಕಗಳಲ್ಲಿ ಚಿಕ್ಕ ಗುಳಿಗಳು, ಬಣ್ಣಗೆಟ್ಟ ಮೆತ್ತಗಿನ ಕಲೆಗಳು, ದುರ್ವಾಸನೆ ಅಥವಾ ಪದರ ಏಳುವುದು ಕಂಡರೆ ಅದು ಚಿಪ್ಪುಕೊಳೆ. ಅಡಿಚಿಪ್ಪಿನ ಮೇಲೆ ಕೆಂಪು ಹರಡಿ ಆಮೆ ಮಂಕಾಗಿದ್ದರೆ ಸೋಂಕು ರಕ್ತಕ್ಕೆ ಸೇರಿರುವ ಸಾಧ್ಯತೆಯಿದ್ದು, ಒಂದು ದಿನವನ್ನೂ ಕಳೆಯುವಂತಿಲ್ಲ. ನೆಲದ ಆಮೆಯಲ್ಲಿ ಫಲಕ ಕಳಚುವುದು ರೋಗದ ಲಕ್ಷಣ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕೆಂಪುಕಿವಿಯ ನೀರಾಮೆಯಲ್ಲಾದರೋ ತೆಳುವಾದ, ಪಾರದರ್ಶಕ ಪದರಗಳು ಆಗಾಗ ಕಳಚುವುದೇ ಸಹಜ ಬೆಳವಣಿಗೆಯಾಗಿದ್ದು, ಒಂದಕ್ಕೆ ಹೇಳಿದ ನಿಯಮ ಇನ್ನೊಂದಕ್ಕೆ ಸಲ್ಲುವುದಿಲ್ಲ. ಈ ನೀರಾಮೆ ನಾಣ್ಯದ ಗಾತ್ರದಿಂದ ಊಟದ ತಟ್ಟೆಯ ಗಾತ್ರಕ್ಕೆ ಬೆಳೆದಾಗ ಅದನ್ನು ಅಟ್ಟೂರು ಕೆರೆಗೋ ಪುಟ್ಟೇನಹಳ್ಳಿ ಕೆರೆಗೋ ಬಿಟ್ಟು ಪುಣ್ಯ ಬಂತೆಂದುಕೊಳ್ಳುವವರಿದ್ದಾರೆ; ಜಗತ್ತಿನ ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಈ ಪ್ರಾಣಿ ಸ್ಥಳೀಯ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ನಡೆಸುವುದರಿಂದ ಅದು ಪುಣ್ಯದ ಕೆಲಸವಲ್ಲ.

ಸಾಕಲಾಗದ ಆಮೆಯನ್ನಾಗಲಿ ಅರಿಯದೆ ಕೊಂಡ ನಕ್ಷತ್ರ ಆಮೆಯನ್ನಾಗಲಿ ಕೆರೆಯಂಗಳದಲ್ಲಿ ಬಿಡದೆ, ಮಲ್ಲೇಶ್ವರದ ಅರಣ್ಯ ಭವನವನ್ನೋ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯನ್ನೋ ಸಂಪರ್ಕಿಸಬೇಕು. ಚಿಪ್ಪಿನಲ್ಲಿ ಮೆತುವು, ವಾಸನೆ, ಕೆಂಪು ಅಥವಾ ಬಿರುಕು ಕಂಡವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ಬೇರೆ ವೈದ್ಯರ ಬಳಿಗೋ ಹೋಗಬಹುದು. ಮೂಳೆಯ ಸಾಂದ್ರತೆಯನ್ನು ಎಕ್ಸ್‌ರೇ ತೋರಿಸುತ್ತದೆ. ಆದರೆ ಕಳೆದ ತಿಂಗಳುಗಳಲ್ಲಿ ಆಮೆ ಏನು ತಿಂದಿತು, ಎಷ್ಟು ಬಿಸಿಲು ಕಂಡಿತು, ಎಷ್ಟು ತೂಗಿತು ಎಂಬುದನ್ನು ಅದು ತೋರಿಸಲಾರದು. ಹಾಗಾಗಿ ಹೋಗುವಾಗ ತೂಕದ ದಾಖಲೆಯನ್ನೂ ಚಿತ್ರಗಳನ್ನೂ ನೋಂದಣಿ ಪತ್ರವನ್ನೂ ಜೊತೆಗೆ ಒಯ್ಯಬೇಕು.